ನಾನು ಇಳಿಯದ ಇಳಿಜಾರು

ಅಮೆರಿಕದ ಯೂಲೆಸ್ ಊರಿನ ಅಪಾರ್ಟ್‌ಮೆಂಟಿನಲ್ಲಿ ನಾನೂ ನನ್ನ ರೂಮ್‌ಮೇಟೂ ಕುಕ್ಕರಿನಿಂದ ಕಾರಿನವರೆಗೆ ಎಲ್ಲವನ್ನೂ ಹಂಚಿಕೊಂಡು ಬದುಕುತ್ತಿದ್ದೆವು. ಆ ಅಭ್ಯಾಸ ನ್ಯೂ ಮೆಕ್ಸಿಕೊದ ಬೆಟ್ಟದವರೆಗೂ ನಮ್ಮ ಜೊತೆ ಬಂತು. ಹಿಮದಲ್ಲಿ ಜಾರದಂತೆ ಶೂ ಅಡಿಗೆ ಕಟ್ಟಿಕೊಳ್ಳುವ ಕಬ್ಬಿಣದ ಹಲ್ಲುಗಳನ್ನು ಬಾಡಿಗೆ ಅಂಗಡಿಯವಳು ಎರಡು ಜೊತೆ ತೆಗೆದಿಟ್ಟಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು.

‘ಒಂದು ಜೊತೆ ಸಾಕು ಮಗಾ,’ ಎಂದ ಅವನು. ‘ಇಷ್ಟು ಬಿಸಿಲಿಗೆ ಸ್ನೋ ಎಲ್ಲಿ ಉಳಿದಿರತ್ತೆ? ಬೇಕಾದ್ರೆ ನಿನ್ನ ಕಾಲಿಗೊಂದು, ನನ್ನ ಕಾಲಿಗೊಂದು.’

ನಾನು ನಕ್ಕೆ. ಬೇಡ ಅನ್ನಲಿಲ್ಲ.

ಮೊದಲ ಮೈಲಿ ಬರೀ ಒದ್ದೆ ಮಣ್ಣು. ಆಮೇಲೆ ಹಿಮ ಶುರುವಾಯಿತು, ದಾರಿಯೂ ಕಡಿದಾಯಿತು. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಹಿಮ ಗಾಜಿನಷ್ಟು ನುಣುಪಾಗಿತ್ತು. ನಿಜವಾಗಿಯೂ ಒಂದೊಂದು ಕಾಲಿಗೆ ಕಟ್ಟಿಕೊಂಡು, ಕುಂಟುತ್ತ, ತುದಿಯವರೆಗೂ ಹತ್ತಿದೆವು. ಇಳಿಯುವಾಗ ನಾನು ಹೆಜ್ಜೆಹೆಜ್ಜೆಗೂ ಬಂಡೆ ಹಿಡಿದು ನಿಲ್ಲುವುದನ್ನು ನೋಡಿ ಅವನು ಕೂತು ತನ್ನದನ್ನು ಬಿಚ್ಚಿದ.

‘ತಗೋ, ಎರಡೂ ನೀನೇ ಹಾಕ್ಕೋ. ನಿನ್ನ ಹೊತ್ಕೊಂಡು ಇಳಿಯೋಕೆ ನನ್ ಕೈಲಾಗಲ್ಲ.’

ಹಾಕಿಕೊಂಡೆ. ಅವನು ನನಗಿಂತ ಏಳೆಂಟು ಹೆಜ್ಜೆ ಮುಂದಿದ್ದ. ಜಾರಿದಾಗ ಕೂಗಲಿಲ್ಲ. ಮೊದಲು ಎಡಗಾಲು ಹೋಯಿತು, ಆಮೇಲೆ ಸೊಂಟ ನೆಲಕ್ಕೆ ಬಡಿಯಿತು, ಆಮೇಲೆ ಅವನ ನೀಲಿ ಜಾಕೆಟ್ ದಾರಿಯ ಅಂಚು ದಾಟಿ ಕೆಳಗೆ ಹೋಗುತ್ತಲೇ ಇತ್ತು. ಎರಡು ಬಸ್ಸಿನ ಉದ್ದದಷ್ಟು ಕೆಳಗೆ ಒಂದು ಪೈನ್ ಮರದ ಬುಡ ಅವನನ್ನು ತಡೆಯಿತು.

‘ಏನಾಯ್ತೋ?’ ಎಂದು ಕೂಗಿದೆ.

‘ಕೈ,’ ಎಂದ. ‘ಇಳಿದು ಬರ್ತೀಯಾ?’

ಅಂಚಿನಿಂದಾಚೆ ಒಂದು ಹೆಜ್ಜೆ ಇಟ್ಟೆ. ಹಲ್ಲುಗಳು ಹಿಮದಲ್ಲಿ ಊರಿ ನಿಂತವು. ಇದನ್ನು ಸರಿಯಾಗಿ ಹೇಳಬೇಕು: ಕಾಲು ಜಾರಲಿಲ್ಲ. ಆದರೂ ಹಿಂದಕ್ಕೆ ಎಳೆದುಕೊಂಡೆ. ಗಾಳಿ ಇರಲಿಲ್ಲ. ಕೊಂಬೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖದ ಮೇಲೆ ಬಿಸಿಲು ಹಿತವಾಗಿತ್ತು. ಅವನು ಇನ್ನೊಮ್ಮೆ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಏನೋ, ಗೊತ್ತಿಲ್ಲ. ಅಷ್ಟು ದೊಡ್ಡ ಬೆಟ್ಟದಲ್ಲಿ ನಾವಿಬ್ಬರೇ ಇದ್ದೆವು, ಬೇರೆ ಬೇರೆಯಾಗಿ.

ಎಷ್ಟೋ ಹೊತ್ತಿನ ಮೇಲೆ ಅಮೆರಿಕದ ವಯಸ್ಸಾದ ದಂಪತಿ ಮೇಲಿನಿಂದ ಬಂದರು. ಆ ಹೆಂಗಸು ಕೆಳಗೆ ನೋಡಿದಳು, ನನ್ನ ಪಾದಗಳನ್ನು ಒಂದು ಸಲ ನೋಡಿದಳು, ಏನೂ ಕೇಳದೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಇಳಿದು ಹೋದಳು. ಅವಳ ಶೂಗೂ ನನ್ನ ಶೂಗಿದ್ದಂಥವೇ ಹಲ್ಲುಗಳಿದ್ದವು. ತನ್ನ ಸ್ಕಾರ್ಫಿನಲ್ಲಿ ಅವನ ಕೈಯನ್ನು ಕುತ್ತಿಗೆಗೆ ಕಟ್ಟಿ, ಗಂಡನ ಜೊತೆ ಮೇಲಕ್ಕೆ ಕರೆತಂದಳು. ಮುಂಗೈ ಮೂಳೆ ಮುರಿದಿತ್ತು.

ಮೂರು ವಾರದ ನಂತರ ಮಿಸೌರಿ ಸಿಟಿಯ ಗೆಳೆಯರ ಮನೆಗೆ ಊಟಕ್ಕೆ ಹೋದೆವು. ಪ್ಲಾಸ್ಟರ್ ನೋಡಿದವರೆಲ್ಲ ಕಥೆ ಕೇಳಿದರು. ಚಿತ್ರಾನ್ನದ ತಟ್ಟೆ ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಸ್ಪೂನ್ ಹಿಡಿದು ಅವನು ಹೇಳಿದ.

‘ಇವನು ಬರ್ತೀನಿ ಬರ್ತೀನಿ ಅಂತಿದ್ದ. ನಾನೇ ಬೇಡ ಅಂದೆ. ಇಬ್ರೂ ಬಿದ್ದಿದ್ರೆ ಆ ಅಜ್ಜಿ ಯಾರನ್ನ ಅಂತ ಎತ್ತೋದು?’

‘ಇವನನ್ನ ಎತ್ತೋಕೆ ಕ್ರೇನೇ ಬೇಕಿತ್ತು ಬಿಡು,’ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಅವನು ನನ್ನ ಕಡೆ ನೋಡಲಿಲ್ಲ.

ಹಿಂತಿರುಗುವಾಗ ನಾನೇ ಡ್ರೈವ್ ಮಾಡಿದೆ. ಮಧ್ಯಾಹ್ನದ ಹೆದ್ದಾರಿ ನೇರವಾಗಿ, ಚಪ್ಪಟೆಯಾಗಿ ಮುಂದಕ್ಕೆ ಹೋಗುತ್ತಿತ್ತು. ‘ನೀನು ಬೇಡ ಅಂದಿರ್ಲಿಲ್ಲ,’ ಎಂದು ಹೇಳಲು ಎರಡು ಸಲ ಬಾಯಿ ತೆರೆದೆ. ಅವನು ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿರಲಿಲ್ಲ. ನಾಲ್ಕು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನಿಗೆ ಅಷ್ಟು ತಿಳಿಯುತ್ತದೆ.