ಹುಳ ಜ್ವರಕ್ಕೆ ಕೂತ ದಿನ ಭಾರತಮ್ಮನಿಗೆ ರಜೆ

ಬೆಳಗಿನ ಐದೂವರೆ. ದೇವರಾಯಸಮುದ್ರದ ಕೆರೆಯ ಕೆಳಗಿನ ಹುಳದ ಮನೆಯಲ್ಲಿ ಭಾರತಮ್ಮ ಟಾರ್ಚು ಹಿಡಿದು ರೇಷ್ಮೆ ಹುಳಗಳನ್ನು ನೋಡುತ್ತಿದ್ದಾರೆ. ಮೂರು ಅಂತಸ್ತಿನ ಸ್ಟ್ಯಾಂಡಿನ ಮೇಲೆ ಹುಳಗಳು ತಲೆ ಎತ್ತಿ, ಅಲ್ಲಾಡದೆ ಕೂತಿವೆ. ಪೊರೆ ಬಿಡುವ ಈ ಹೊತ್ತನ್ನು ಇಲ್ಲಿ ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಒಂದು ದಿನ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಭಾರತಮ್ಮ ತೆಳುಬಟ್ಟೆಯಲ್ಲಿ ಸುಣ್ಣದ ಪುಡಿ ಕಟ್ಟಿ ಮೇಲಿಂದ ಉದುರಿಸುತ್ತಾರೆ, ಬಾಗಿಲು ಹಾಕುತ್ತಾರೆ, ಹೊರಗೆ ಬಂದು ಫೋನು ಮಾಡುತ್ತಾರೆ.

"ಅಂಜಮ್ಮಾ, ನಾಲ್ಕನೇ ಜ್ವರಕ್ಕೆ ಕೂತವೆ ಕಣೇ. ಬಂದ್ಬಿಡು."

ಆ ಕಡೆಯಿಂದ ನಾದಿನಿಯ ದನಿ ಪಕ್ಕದಲ್ಲಿ ನಿಂತ ನನಗೂ ಕೇಳಿಸುತ್ತದೆ. "ಬಸ್‌ಸ್ಟ್ಯಾಂಡಲ್ಲೇ ಇದೀನಿ ವದಿನಾ." ಈ ಮನೆಯ ತೆಲುಗಿನಲ್ಲಿ ವದಿನ ಎಂದರೆ ಅತ್ತಿಗೆ.

ಭಾರತಮ್ಮನಿಗೆ ಐವತ್ತೊಂದು ವರ್ಷ. ನೂರು ಮೊಟ್ಟೆಯ, ಅಂದರೆ ನೂರು ಚಿಟ್ಟೆಗಳು ಇಟ್ಟ ತತ್ತಿಯಿಂದ ಬಂದ ಸುಮಾರು ನಲವತ್ತು ಸಾವಿರ ಹುಳ ಮೇಯಿಸುತ್ತಾರೆ, ಜೊತೆಗೆ ಎಂಬತ್ನಾಲ್ಕು ವರ್ಷದ ಅತ್ತೆ ಚಿಕ್ಕಗಂಗಮ್ಮನನ್ನು ನೋಡಿಕೊಳ್ಳುತ್ತಾರೆ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅತ್ತೆ ಎದ್ದು ನಡೆದಿಲ್ಲ. ನೆನಪೂ ಆಗಾಗ ಕೈಕೊಡುತ್ತದೆ. ಗಂಡ ಮುನಿರಾಮಪ್ಪ ಮಾಲೂರಿನ ಕಾರ್ಖಾನೆಯೊಂದರಲ್ಲಿ ಸೆಕ್ಯೂರಿಟಿ ಕೆಲಸಕ್ಕಿದ್ದಾರೆ, ವಾರಕ್ಕೊಂದು ಸಲ ಮನೆಗೆ ಬರುತ್ತಾರೆ.

ಅವರ ದಿನಚರಿ ಹೇಳಿದರೆ ಓದುವವರಿಗೇ ಸುಸ್ತಾಗಬೇಕು. ಹುಳಕ್ಕೆ ಮೂರು ಹೊತ್ತು ಹಿಪ್ಪುನೇರಳೆ ಸೊಪ್ಪು. ಅತ್ತೆಗೆ ನಾಲ್ಕು ಹೊತ್ತು ಗಂಜಿ, ಅಂಬಲಿ, ಮಿದ್ದ ಅನ್ನ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ ಕಡಿಮೆಯೆಂದರೆ ಐದು ಬಟ್ಟೆ ಒಗೆಯುವುದಿರುತ್ತದೆ. ಹಣ್ಣಾಗಿ ಗೂಡು ಕಟ್ಟುವ ಮುಂಚಿನ ವಾರ ಹುಳಗಳಿಗೆ ಬಕಾಸುರನ ಹಸಿವು, ದಿನಕ್ಕೆ ಇನ್ನೂರೈವತ್ತು ಕಿಲೋ ಸೊಪ್ಪು ಕಡ್ಡಿ ಸಮೇತ ಕೊಯ್ದು ಹೊರಬೇಕು.

ನಾನು ಹೋಗಿದ್ದು ಮಹಾತ್ಯಾಗಿಯೊಬ್ಬರ ಕಥೆ ಬರೆಯಲು. ಮೊದಲ ಅರ್ಧ ಗಂಟೆಯಲ್ಲೇ ಅವರು ಅದಕ್ಕೆ ತಣ್ಣೀರೆರಚಿದರು.

"ತ್ಯಾಗಮಯಿ ಗೀಗಮಯಿ ಅಂತ ಬರೀಬೇಡಿ ಸಾರ್. ಹಂಗಂದುಬಿಟ್ರೆ ಇನ್ಯಾರೂ ಕೈ ಹಾಕಲ್ಲ. ಎಲ್ಲಾ ನನ್ ತಲೆಗೇ ಕಟ್ಟಿಬಿಡ್ತಾರೆ."

ಈ ಮಾತು ಅವರಿಗೆ ಪುಕ್ಕಟೆ ಬಂದಿದ್ದಲ್ಲ. ಎರಡು ವರ್ಷದ ಹಿಂದಿನ ಒಂದು ಬೆಳೆ ಕಲಿಸಿದ್ದು.

ಆಗ ಚಿಕ್ಕಗಂಗಮ್ಮನಿಗೆ ನಿದ್ದೆಯೇ ಬರುತ್ತಿರಲಿಲ್ಲ, ಭಾರತಮ್ಮನಿಗೂ ಬರಗೊಡುತ್ತಿರಲಿಲ್ಲ. ಪಕ್ಕದ ಹೊಲದ ಗಂಗಾಧರ್ ಟೊಮೆಟೊ ಬೆಳೆಗೆ ಔಷಧಿ ಹೊಡೆದು, ಬಂದು ಹೇಳಿಯೂ ಹೋಗಿದ್ದರು: "ಅಕ್ಕಾ, ನಮ್ ಕಡೆ ಅಂಚಿನ ನಾಲ್ಕು ಸಾಲು ಸೊಪ್ಪು ಬಿಟ್ಟು ಕೊಯ್ಕೊ." ಭಾರತಮ್ಮ ಹೂಂ ಅಂದಿದ್ದರು. ಮರುದಿನ ಬೆಳಿಗ್ಗೆ ನಿದ್ದೆಗೆಟ್ಟ ಮಂಪರಿನಲ್ಲಿ ನೇರ ಆ ಅಂಚಿಗೇ ಹೋಗಿ ನಾಲ್ಕೂ ಸಾಲು ಕೊಯ್ದು ತಂದು ಹುಳಕ್ಕೆ ಹಾಕಿದರು. ರೇಷ್ಮೆ ಮಾಡುವ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಔಷಧಿಯ ಗಾಳಿ ತಾಕಿದ ಸೊಪ್ಪು ತಿಂದರೂ ಹುಳ ಉಳಿಯುವುದಿಲ್ಲ.

"ಹನ್ನೊಂದು ಗಂಟೆಗೆ ಹೋಗಿ ನೋಡ್ತೀನಿ, ಬಾಯಲ್ಲಿ ಹಸಿರು ನೀರು ಬಿಟ್ಕೊಂಡು ಒದ್ದಾಡ್ತಿದ್ವು. ಸಾಯಂಕಾಲಕ್ಕೆ ಎಲ್ಲಾ ಹೋಯ್ತು. ನಂಗೆ ಅಳೂನೂ ಬರ್ಲಿಲ್ಲ ಸಾರ್. ಒಳಗೆ ಬಂದು ಅತ್ತೆ ಮಾತ್ರೆ ನೋಡಿದ್ರೆ ಬೆಳಗಿಂದು ಎರಡು ಸಲ ಕೊಟ್ಟುಬಿಟ್ಟಿದೀನಿ."

ಅತ್ತೆಗೆ ಏನೂ ಆಗಲಿಲ್ಲ. ಸತ್ತ ಹುಳಗಳನ್ನು ಗುಂಡಿ ತೋಡಿ ಮುಚ್ಚುವ ದಿನ ರಾಯಲ್ಪಾಡಿನಿಂದ ಅಂಜಮ್ಮ ಬಂದರು. ಆ ಗುಂಡಿಯ ಪಕ್ಕದಲ್ಲಿ ನಿಂತು ಭಾರತಮ್ಮ, ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ನಾದಿನಿಯ ಹತ್ತಿರ ಬಾಯಿಬಿಟ್ಟು ಹೇಳಿದರು: "ನಂಗೆ ಆಗ್ತಿಲ್ಲ ಕಣೇ. ಹಿಂಗೇ ಆದ್ರೆ ನಿಮ್ಮಮ್ಮನ್ನ ನಾನೇ ಏನಾದ್ರೂ ಮಾಡಿಬಿಡ್ತೀನೋ ಅಂತ ಭಯ."

ಯಾರ ಮೇಲೂ ಸಿಟ್ಟಿಲ್ಲದ ಈ ಮಾತನ್ನು ಹೇಳಲು ಎಷ್ಟು ಧೈರ್ಯ ಬೇಕೆಂದು ನನಗೆ ಅಂದಾಜಿಲ್ಲ. ಅಂಜಮ್ಮ ಬೈಯಲಿಲ್ಲ. ಯಾವತ್ತು ಬರಲಿ ಎಂದು ಕೇಳಿದರು. ಮಾವಿನ ತೋಟದ ಕಡೆಯ ಅಂಜಮ್ಮನಿಗೆ ಹುಳದ ಕೆಲಸ ಬರುವುದಿಲ್ಲ, ಕಂಡರೆ ಸ್ವಲ್ಪ ಹೆದರಿಕೆ ಕೂಡ. ಹಾಗಾಗಿ ಜ್ವರದ ದಿನವೇ ಸರಿ ಎಂದಾಯಿತು. ಅವತ್ತು ಹುಳದ ಮನೆಯ ಬಾಗಿಲು ತೆಗೆಯುವ ಹಾಗೇ ಇಲ್ಲ, ಅಮ್ಮನನ್ನು ನೋಡಿಕೊಂಡರೆ ಸಾಕು. ಹುಳಕ್ಕೆ ಒಟ್ಟು ನಾಲ್ಕು ಜ್ವರ. ಎರಡನೇ ಜ್ವರ ಎದ್ದ ಹುಳ ಮರಿ ಸಾಕುವ ಕೇಂದ್ರದಿಂದ ಮನೆಗೆ ಬರುವುದರಿಂದ ಒಂದು ಬೆಳೆಗೆ ಉಳಿಯುವುದು ಎರಡೇ ಜ್ವರ. ಅಂದರೆ ಎರಡು ರಜೆ.

ಮೊದಲ ರಜೆಯನ್ನು ಅವರು ಊರಿನ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕಳೆದರು. ಎರಡು ಬಸ್ಸು ಬಿಟ್ಟು, ಮನೆಗೆ ವಾಪಸ್. "ಕಳ್ತನ ಮಾಡ್ದಂಗೆ ಅನ್ನಿಸ್ತು," ಎಂದು ನಗುತ್ತಾರೆ. ಎರಡನೇ ಸಲ ಮುಳಬಾಗಿಲು ತಲುಪಿದರು. ಈಗ ರೂಢಿಯಾಗಿದೆ. ಮುಳಬಾಗಿಲಿನಲ್ಲಿ ಚಿಕ್ಕಮ್ಮನ ಮಗಳ ಮನೆಯಿದೆ. ಅಲ್ಲಿ ಬಾಗಿಲು ಹಾಕಿಕೊಂಡು ಮೂರು ಗಂಟೆ ಮಲಗುತ್ತಾರೆ. ಎದ್ದು ಹೋಟೆಲಿಗೆ ಹೋಗಿ ದೋಸೆ ತಿನ್ನುತ್ತಾರೆ. "ಬೇರೆಯವರು ಮಾಡಿದ್ದನ್ನ ಕೂತ್ಕೊಂಡು, ಬಿಸಿಬಿಸಿಯಾಗಿ. ನಾನು ಒಂದು ಲೋಟಾನೂ ತೊಳೆಯಲ್ಲ."

ಮನೆಗೆ ಬರುವ ನೆಂಟರಿಗೂ ಹೊಸ ಕಾನೂನು ಬಂದಿದೆ. ಮೊದಲೆಲ್ಲ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಅಯ್ಯೋ ಪಾಪ ಎಂದು ಲೊಚಗುಟ್ಟಿ, ಕಾಫಿ ಕುಡಿದು ಹೋಗುತ್ತಿದ್ದರು. ಈಗ ಕಾಫಿಗೆ ಮುಂಚೆ ಅತ್ತೆಯ ಮಗ್ಗುಲು ಬದಲಿಸಲು ಕೈ ಹಚ್ಚಬೇಕು. ಹಾಸಿದ ದುಪ್ಪಟಿಯನ್ನೇ ಆ ಕಡೆ ಈ ಕಡೆ ಹಿಡಿದು ತಿರುಗಿಸುವ ಉಪಾಯವನ್ನು ಆಶಾ ಕಾರ್ಯಕರ್ತೆ ತ್ರಿವೇಣಿ ಹೇಳಿಕೊಟ್ಟಿದ್ದಾರೆ. ನೆಂಟರು ಕಡಿಮೆಯಾಗಿದ್ದಾರಂತೆ. ಬರುವವರು ಮಾತ್ರ ಕೆಲಸಕ್ಕೆ ಒದಗುವವರು. ನನಗೂ ಕಾಫಿ ಸಿಕ್ಕಿದ್ದು ದುಪ್ಪಟಿ ಹಿಡಿದ ಮೇಲೆಯೇ. ಮುನಿರಾಮಪ್ಪ ಬಂದ ರಾತ್ರಿ ತಾಯಿಯ ಪಕ್ಕ ಅವರೇ ಮಲಗಬೇಕು, ಹೆಂಡತಿ ಹೊರಗಿನ ಜಗಲಿಯಲ್ಲಿ.

ಊರಿನ ಬಾಯಿ ಮುಚ್ಚಿಸಲು ಮಾತ್ರ ಯಾವ ಕಾನೂನೂ ಇಲ್ಲ. ಮುದುಕಿಯನ್ನು ಬಿಟ್ಟು ದೋಸೆ ತಿನ್ನಲು ಹೋಗುತ್ತಾಳೆ ಎನ್ನುವವರಿದ್ದಾರೆ. ಅದಕ್ಕಿಂತ ಕಷ್ಟದ್ದು ಇವತ್ತು ನನ್ನೆದುರೇ ನಡೆಯುತ್ತದೆ. ಒಂಬತ್ತು ಗಂಟೆಗೆ ಅಂಜಮ್ಮ ಬಂದು ಕಾಲು ತೊಳೆಯುತ್ತಾರೆ. ಭಾರತಮ್ಮ ಬೇರೆ ಸೀರೆ ಉಟ್ಟಿದ್ದನ್ನು ಕಂಡದ್ದೇ ಚಿಕ್ಕಗಂಗಮ್ಮ ಸೆರಗು ಹಿಡಿದು ಅಳಲು ಶುರುಮಾಡುತ್ತಾರೆ. ಹೆತ್ತ ಮಗಳ ಗುರುತು ಅವರಿಗೆ ಈ ಹೊತ್ತಿಗಿಲ್ಲ.

"ಪೋವದ್ದಮ್ಮಾ, ಪೋವದ್ದು." ಹೋಗಬೇಡ ಎಂದು ಮತ್ತೆ ಮತ್ತೆ ಕೇಳುತ್ತಾರೆ.

ಅಂಜಮ್ಮ ಅತ್ತಿಗೆಯ ಮುಖ ನೋಡುತ್ತಾರೆ. ನಾನಾಗಿದ್ದರೆ ಇದ್ದುಬಿಡುತ್ತಿದ್ದೆ. ಭಾರತಮ್ಮ ಮಂಚದ ಅಂಚಿಗೆ ಕೂತು, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

"ಹೊಲಕ್ಕೆ ಹೋಗ್ತೀನಿ ಅಂತ ಸುಳ್ಳು ಹೇಳಲ್ಲ ಅತ್ತೆ. ಮುಳಬಾಗ್ಲಿಗೆ ಹೋಗ್ತಿದೀನಿ. ಸಾಯಂಕಾಲ ಬರ್ತೀನಿ."

ಅಳು ಬೀದಿಯ ತಿರುವಿನವರೆಗೂ ಕೇಳಿಸುತ್ತದೆ. ಅವರು ತಿರುಗಿ ನೋಡುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಣ್ಣೊರೆಸಿಕೊಳ್ಳುತ್ತಾರೆ, ಊರ ಗಡಿ ದಾಟುವಷ್ಟರಲ್ಲಿ ನಿದ್ದೆ ಹೋಗುತ್ತಾರೆ.

ಸಾಯಂಕಾಲ ಐದಕ್ಕೆ ವಾಪಸ್. ಅಮ್ಮ ಮಧ್ಯಾಹ್ನ ಉಣ್ಣಲಿಲ್ಲ, ಮೂರು ಗಂಟೆಗೆ ಅರ್ಧ ಲೋಟ ಅಂಬಲಿ ಕುಡಿದರು ಎಂದು ಅಂಜಮ್ಮ ವರದಿ ಒಪ್ಪಿಸುತ್ತಾರೆ. ಚಿಕ್ಕಗಂಗಮ್ಮ ಮುನಿಸಿನಲ್ಲಿ ಗೋಡೆ ಕಡೆ ಮುಖ ಮಾಡಿದ್ದಾರೆ. ಭಾರತಮ್ಮ ಹತ್ತಿರ ಹೋಗಿ ಭುಜ ಮುಟ್ಟುತ್ತಾರೆ. ಅತ್ತೆ ತಿರುಗದೆಯೇ, ತನಗೇನು ತಂದೆ ಎಂದು ಕೇಳುತ್ತಾರೆ: "ನಾಕೇಮಿ ತೆಚ್ಚಿನಾವು?"

ಭಾರತಮ್ಮ ಚೀಲದಿಂದ ಮೆತ್ತನೆಯ ಬನ್ನು ತೆಗೆದು, ಹಾಲಿನಲ್ಲಿ ನೆನೆಸಿ ಬಾಯಿಗಿಡುತ್ತಾರೆ. ಹಲ್ಲಿಲ್ಲದ ಬಾಯಿ ನಿಧಾನವಾಗಿ ಆಡುತ್ತದೆ. ಹೊರಡುವ ಮುಂಚೆ ನಾನು, ಆ ಅಳು ಕೇಳಿಯೂ ಹೋಗಿದ್ದಕ್ಕೆ ಬೇಜಾರಾಗಲಿಲ್ಲವೇ ಎಂದು ಕೇಳುತ್ತೇನೆ. ಅವರು ಇನ್ನೊಂದು ಚೂರು ಬನ್ನು ನೆನೆಸುತ್ತಾರೆ.

"ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಈ ರಜೆ ಇಲ್ದಾಗ ಹೊಲದಿಂದ ಬರೋವಾಗ ಬಾಗಿಲಲ್ಲಿ ಚಪ್ಪಲಿ ಬಿಡ್ತಾ, ಇವತ್ತಿಗಾದ್ರೂ ಇವರದು ಮುಗಿದಿರ್ಲಪ್ಪ ದೇವ್ರೇ ಅಂತ ಅಂದ್ಕೊಂಡಿದ್ದೂ ಉಂಟು ಸಾರ್. ಇವತ್ತು ಬಸ್ಸಿಳಿದು ಬರ್ತಾ, ಪಾಪ ಊಟ ಮಾಡಿದಾರೋ ಇಲ್ವೋ ಅಂತ ಓಡಿ ಬಂದೆ."