ಪೆಂಗ್ವಿನ್ನಿಗೆ ಪಂಖಾ ಯಾಕೆ?

"ಅಲ್ರೀ ಅಕ್ಕಾರ, ಅದು ಬರ್ಫದಾಗ ಇರ್ತದಂತ ನೀವೇ ಹೇಳ್ತೀರಿ. ಮತ್ತ ಅದಕ್ಕ ಪಂಖಾ ಯಾಕ ಬೇಕು?"

ತಪ್ಪು ನನ್ನದೇ. ಹುಮನಾಬಾದಿನ ನಮ್ಮ ಓಣಿಯಲ್ಲಿ ರೆಕ್ಕೆಗೆ ಪಂಖ ಅನ್ನುವವರಿದ್ದೇವೆ. ತಲೆಯ ಮೇಲೆ ತಿರುಗುವ ಫ್ಯಾನಿಗೆ ಪಂಖಾ. ಮೊಬೈಲಿನಲ್ಲಿ ಪೆಂಗ್ವಿನ್ ವಿಡಿಯೊ ತೋರಿಸುತ್ತಾ ನಾನು 'ಪಂಖ' ಅಂದೆ. ಪಕ್ಕದ ಮನೆಯ ಶಾಂತಾಬಾಯಿ ಮೇಲಿನ ಫ್ಯಾನ್ ನೋಡಿದಳು! ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ನಗು ಮುಗಿದ ಮೇಲೆ ಅವಳಿಗೆ ಕುತೂಹಲ ಹತ್ತಿತು. "ರೆಕ್ಕಿ ಇದ್ದೂ ಹಾರಂಗಿಲ್ಲಂದ್ರ ಹ್ಯಾಂಗ್ರಿ?"

(ಸಮುದ್ರವನ್ನೇ ಕಾಣದ ಇಬ್ಬರು ಹೆಂಗಸರಿಗೆ ಸಮುದ್ರದ ಹಕ್ಕಿಯ ಚಿಂತೆ!)

ಓದಿದ್ದನ್ನು ಹೇಳಿದೆ. ಇದರ ಹಿರೀಕರು ಹಾರುತ್ತಿದ್ದರು. ಆಮೇಲೆ ಸಮುದ್ರವೇ ಬದಲಾಯಿತು. ನೀರಿನಲ್ಲಿದ್ದ ದೈತ್ಯ ಬೇಟೆಗಾರ ಪ್ರಾಣಿಗಳು ಅಳಿದವು, ಜಾಗ ಖಾಲಿಯಾಯಿತು. ಚೆನ್ನಾಗಿ ಮುಳುಗಬಲ್ಲ ಹಕ್ಕಿಗಳು ಹೊಟ್ಟೆ ತುಂಬ ಮೀನು ತಿಂದು ಮರಿ ಮಾಡಿದವು. ತಲೆಮಾರು ಕಳೆದಂತೆ ರೆಕ್ಕೆ ದೋಣಿಯ ಹುಟ್ಟಿನಂತಾಯಿತು. ಆದರೆ ಗಾಳಿ ಜೋರಿದ್ದ ಕಡಲ ಮೇಲೆ ಅಲ್ಬಟ್ರಾಸ್ ಎಂಬ ಹಕ್ಕಿಯ ರೆಕ್ಕೆ ಉದ್ದವಾಗುತ್ತಲೇ ಹೋಯಿತು. ಎಂಥ ಸೋಜಿಗ, ಅಲ್ಲವೇ?

ಶಾಂತಾಬಾಯಿ ಅಂದಳು, "ನಮ್ದೂ ಹಂಗೇ ಆತಲ್ರಿ."

ಘಾಟಬೋರಾಳ ಎಂಬ ಹಳ್ಳಿಯಲ್ಲಿ ಅವರದು ಕುರಿ ಸಾಕುವ ಮನೆ. ಕುರಿ ಮೇಯುತ್ತಿದ್ದ ಬೀಳು ಹೊಲಗಳೆಲ್ಲ ಕಬ್ಬಿನ ಗದ್ದೆಗಳಾದವು. ಕುರಿ ಮಾರಿ ಇಲ್ಲಿಗೆ ಬಂದರು. ಈಗ ಬಸವಕಲ್ಯಾಣದಲ್ಲಿ ಚೀಲ ಹೊಲಿಯುವ ಕೆಲಸವಿದೆಯಂತೆ. ಸೋಮವಾರ ಕರೆಂಟ್ ಮಶಿನ್ ಮೇಲೆ ಹೊಲಿದು ತೋರಿಸಿದರೆ ಕೆಲಸ, ಇಲ್ಲದಿದ್ದರೆ ವಾಪಸ್ ಬಸ್ಸು. ಸೂಜಿ ಹಿಡಿದು ಹಳೇ ಬಟ್ಟೆಯ ಕೌದಿ ಹೊಲಿದವಳು ಅವಳು. ಅದಕ್ಕೇ ನಮ್ಮನೆ ಮಶಿನ್ ಮೇಲೆ ಕಲಿಯಲು ಬರುತ್ತಾಳೆ.

"ಗರ್ರ್ ಅಂತ ಓಡಾಕತ್ತಿತಂದ್ರ ಹೊಲಿಗಿ ಸೊಟ್ಟ ಹೋಗ್ತದ್ರಿ."

ನನಗೆ ಉಪದೇಶದ ಚಟ. (ಅಂಕಣ ಬರೆಯುವವರಿಗೆಲ್ಲ ಇರುತ್ತದೆ, ಬಿಡಿ.) "ಪೆಂಗ್ವಿನ್ ನೋಡವಾ, ಹಾರೂದು ಬಿಟ್ಟು ಈಜೂದು ಕಲೀಲಿಲ್ಲೇನು? ನೀನೂ ಕಲೀತಿ" ಎಂದುಬಿಟ್ಟೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಕಲಿಯೂತನಾ ಎಷ್ಟು ಮುಳುಗಿ ಸತ್ತಾವ, ಅದನ್ನೂ ಬರ್ದಾರೇನ್ರಿ ಅಕ್ಕಾರ?"

ನಾಚಿಕೆಯಾಯಿತು. ವಿಡಿಯೊ ಬಂದ್ ಮಾಡಿ ಮಶಿನ್ನಿನ ಸ್ವಿಚ್ ಹಾಕಿದೆ. "ಬಾ, ಕೂಡು."

ಪೆಂಗ್ವಿನ್ನಿಗೆ ಲಕ್ಷಾಂತರ ವರ್ಷ ಟೈಮ್ ಇತ್ತು, ಶಾಂತಾಬಾಯಿಗೆ ಸೋಮವಾರದ ತನಕ.