ಧನಿಯ ಮೊಣಗಂಟಿಗೆ ಮೋನಪ್ಪನ ಸೂಜಿ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ದೂಮಣ್ಣ ಶೆಟ್ಟರ ಹೋಟೆಲಿನಲ್ಲಿ ಮೋನಪ್ಪ ಸಪ್ಲೈಯರ್ ಆಗಿದ್ದ. ಮೂಲ್ಕಿ ಕಡೆಯವನು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಬಂದು, ಲೋಟ ತೊಳೆಯುವಲ್ಲಿಂದ ಶುರು ಮಾಡಿ, ಈಗ ಅಡುಗೆಮನೆ ನಡುಗುವಂತೆ ಆರ್ಡರ್ ಕೂಗುವಷ್ಟು ಮೇಲೆ ಬಂದಿದ್ದ. ಹೋಟೆಲ್ ಮುಚ್ಚಿದ ಮೇಲೆ ಗಿರಾಕಿಗಳ ಮೇಜುಗಳನ್ನೇ ಜೋಡಿಸಿ ಮಲಗುತ್ತಿದ್ದ. ಮಲಗುವುದು ಮಾತ್ರ, ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಕಿವಿಯೊಳಗೆ ಮತ್ತೆ ಆರ್ಡರುಗಳೇ. ಅದು ಕಾಯಿಲೆ ಎಂದು ಅವನಿಗೂ ಹೊಳೆದಿರಲಿಲ್ಲ. ಧನಿಗಳಾದ ಶೆಟ್ಟರಿಗಂತೂ ಅದು ಅನುಕೂಲವೇ ಆಗಿತ್ತು, ಹಾಲಿನ ಭಯ್ಯಾ ಬಾಗಿಲು ತಟ್ಟುವ ಮೊದಲೇ ಇವನು ಎದ್ದು ಕೂತಿರುತ್ತಿದ್ದ.

ಕಾಯಿಲೆ ಅಂತ ಇದ್ದದ್ದು ಧನಿಗಳಿಗೆ. ಶೆಟ್ಟರ ಬಲಗಾಲಿನ ಮೊಣಗಂಟು ಎಣ್ಣೆ, ಲೇಪ, ಶಾಖ ಎಲ್ಲವನ್ನೂ ನುಂಗಿಕೊಂಡು ನೋಯುತ್ತಲೇ ಇತ್ತು. ಹಿಂದಿನ ಗಲ್ಲಿಯಲ್ಲಿ ಒಬ್ಬ ಚೀನೀ ಡಾಕ್ಟರು ಸೂಜಿ ಚುಚ್ಚಿ ನೋವು ತೆಗೆಯುತ್ತಾರೆಂದು ಯಾರೋ ಹೇಳಿದರು. ಶೆಟ್ಟರಿಗೆ ಆಸೆಯಾಯಿತು. ಸೂಜಿ ಅಂದರೆ ಜೀವ ಬಾಯಿಗೆ ಬರುತ್ತಿತ್ತು, ಆದರೆ ಗಲ್ಲಾದ ಮೇಲೆ ಕೂತವರು ಅದನ್ನು ಹೇಳಿಕೊಳ್ಳುವುದು ಹೇಗೆ?

"ಮೋನಪ್ಪ, ನಿನಗೆ ಕಾಲುನೋವು ಉಂಟಲ್ಲ?"

"ಇಲ್ಲ ಧನಿ."

"ಉಂಟು. ದಿನವಿಡೀ ನಿಂತವನಿಗೆ ನೋವಿಲ್ಲದೆ ಇರ್ತದಾ? ಆ ಸೂಜಿ ಡಾಕ್ಟ್ರ ಹತ್ರ ಹೋಗಿ ಬಾ. ಖರ್ಚು ನಂದು. ಚುಚ್ಚುವಾಗ ಹೇಗಾಗ್ತದೆ ಅಂತ ಸರಿಯಾಗಿ ನೋಡಿಕೊಂಡು ಬಾ."

ನೋಯದ ಕಾಲನ್ನು ಎಳೆಯುತ್ತ ಮೋನಪ್ಪ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಹೋದ. ಡಾಕ್ಟರು ಮುಂಬಯಿಯ ಹಿಂದಿಯಲ್ಲೇ ಮಾತಾಡಿದರು. ನಾಲಿಗೆ ಚಾಚಲು ಹೇಳಿದರು. ಎರಡೂ ಕೈಯ ನಾಡಿ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ, "ಕಾಲು ಚೆನ್ನಾಗಿದೆ. ನಿದ್ದೆ ಯಾವಾಗಿನಿಂದ ಇಲ್ಲ?" ಅಂದರು.

ಮೋನಪ್ಪ ತಬ್ಬಿಬ್ಬಾದ. ಊರು ಬಿಟ್ಟಾಗಿನಿಂದ ಅವನನ್ನು ಯಾರೂ ಕೇಳದ ಪ್ರಶ್ನೆ ಅದು. ಡಾಕ್ಟರು ತೋರಿಸಿದ ಮಂಚದ ಮೇಲೆ ಮಲಗಿದ.

ಸೂಜಿಗಳು ಕೂದಲಿನಷ್ಟು ಸಪೂರ. ನೀರಿನಲ್ಲಿ ಕುದಿಸಿ ಇಟ್ಟಿದ್ದರು. ಸ್ಪಿರಿಟ್ ಒರೆಸಿ ಮಣಿಕಟ್ಟಿನಲ್ಲೊಂದು, ಪಾದದಲ್ಲೊಂದು, ಹುಬ್ಬುಗಳ ನಡುವೆ ಒಂದು ಇಟ್ಟರು. ಮೊದಲು ಇರುವೆ ಕಚ್ಚಿದ ಹಾಗಾಯಿತು. ಆಮೇಲೆ ಆ ಜಾಗ ಭಾರವಾಗಿ ಒಳಗೊಳಗೇ ಜುಮ್ಮೆಂದಿತು. ಇಷ್ಟನ್ನು ಧನಿಗಳಿಗೆ ಹೇಳಬೇಕು ಅಂದುಕೊಂಡದ್ದಷ್ಟೇ ಅವನಿಗೆ ನೆನಪು. ಎಚ್ಚರವಾದಾಗ ಸಂಜೆಯ ಚಹಾದ ಹೊತ್ತು ಮೀರಿತ್ತು.

ಹೋಟೆಲಿನಲ್ಲಿ ಗಿರಾಕಿಗಳು ಮೇಜು ಕುಟ್ಟುತ್ತಿದ್ದರು. ಶೆಟ್ಟರು ಕೆಂಡವಾಗಿದ್ದರು. ಆದರೂ ಮೊದಲು ಕೇಳಿದ್ದು, "ನೋವಾಯ್ತಾ?"

"ಹಾಕುವಾಗ ಸ್ವಲ್ಪ. ಆಮೇಲೆ ಗೊತ್ತಿಲ್ಲ ಧನಿ, ನಿದ್ದೆ ಬಂತು."

"ತೆಗೆಯುವಾಗ?"

"ಆಗಲೂ ನಿದ್ದೆ."

"ನಿದ್ದೆ ಮಾಡ್ಲಿಕ್ಕೆ ನಿನ್ನನ್ನು ಕಳಿಸಿದ್ದಾ ಮಾರಾಯ? ನಾಳೆ ಮತ್ತೆ ಹೋಗು. ಕಣ್ಣು ಬಿಟ್ಟುಕೊಂಡು ಚುಚ್ಚಿಸಿಕೊ!"

ಮೋನಪ್ಪ ವಿಧೇಯನಾಗಿ ಮತ್ತೆ ಹೋದ, ಮತ್ತೆ ನಿದ್ದೆ ಹೋದ. ಸೂಜಿ ತೆಗೆಯುವುದನ್ನು ನೋಡಲು ಅವನಿಗೆ ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ರಾತ್ರಿ ಮೇಜಿನ ಮೇಲೂ ನಿದ್ದೆ ಬರತೊಡಗಿತ್ತು. ದಿನವಿಡೀ ಕುಡಿಯುತ್ತಿದ್ದ ಪುಕ್ಕಟೆ ಚಹಾವನ್ನು ಡಾಕ್ಟರು ಬಿಡಿಸಿದ್ದರು. ಸೂಜಿಯಿಂದ ಬಂದದ್ದೋ ಚಹಾ ಬಿಟ್ಟಿದ್ದರಿಂದ ಬಂದದ್ದೋ, ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಭಯ್ಯಾ ಬಾಗಿಲು ತಟ್ಟಿ ತಟ್ಟಿ ಹಾಲಿನ ಸಮೇತ ವಾಪಸು ಹೋದ. ಆವತ್ತು ಶೆಟ್ಟರು ಗಾಬರಿಯಾದರು. ಇನ್ನು ಇವನನ್ನು ಕಳಿಸಿದರೆ ಹೋಟೆಲ್ ಉಳಿಯುವುದಿಲ್ಲ, ತಾನೇ ಹೋಗುವುದು ಲೇಸು ಎಂದು ಗಟ್ಟಿ ಮನಸ್ಸು ಮಾಡಿದರು.

ಹೋದರು, ಆದರೆ ದೇವಸ್ಥಾನಕ್ಕೆ ಹೋಗುವವರಂತೆ ಬೆಳಗಿನಿಂದ ಏನೂ ತಿನ್ನದೆ, ಮಿಂದು, ಮೋನಪ್ಪನ ಹೆಗಲು ಹಿಡಿದುಕೊಂಡು. ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿ, "ಚುಚ್ಚುವ ಮೊದಲು ಹೇಳಬೇಕು ಅಂತ ಡಾಕ್ಟ್ರಿಗೆ ಹೇಳು," ಅಂದರು.

"ಹಾಕಿ ಆಯ್ತಂತೆ ಧನಿ."

ಶೆಟ್ಟರು ಕಣ್ಣು ಬಿಟ್ಟರು. ಮೊಣಗಂಟಿನ ಸುತ್ತ ನಿಂತಿದ್ದ ಸೂಜಿಗಳನ್ನು ನೋಡಿದರು. ಬೆವರೊಡೆದು, ಹಾಗೇ ಎಚ್ಚರ ತಪ್ಪಿತು.

ಡಾಕ್ಟರು ಗಡಿಬಿಡಿಯಿಂದ ಸೂಜಿ ತೆಗೆದು, ಕಾಲು ಎತ್ತರಕ್ಕೆ ಇಟ್ಟು, ಮೋನಪ್ಪನ ಮೇಲೆ ಸಿಡುಕಿದರು. "ಹಸಿದ ಹೊಟ್ಟೆಯಲ್ಲಿ ಬರಬಾರದು ಅಂತ ನಿನಗೆ ಹೇಳಿರಲಿಲ್ಲವೇ?"

ಹೇಳಿದ್ದರು. ಆದರೆ ಹೋಟೆಲಿನ ಧನಿ ಉಪವಾಸ ಬರಬಹುದೆಂದು ಮೋನಪ್ಪನಿಗೆ ಹೊಳೆದಿರಲಿಲ್ಲ. ಓಡಿಹೋಗಿ ಗಲ್ಲಿಯ ಮೂಲೆಯ ಇರಾನಿ ಅಂಗಡಿಯಿಂದ ಚಹಾ, ಬನ್ನು ತಂದ. ಇರಾನಿಯ ಚಹಾವನ್ನು ಹತ್ತು ಜನರೆದುರು ಹಳಿಯುತ್ತಿದ್ದ ಶೆಟ್ಟರು ಅದನ್ನು ಕೊನೆಯ ಗುಟುಕಿನವರೆಗೂ ಕುಡಿದರು.

ಮುಂದೆ ಉಂಡುಕೊಂಡೇ ಹೋದರು. ನೋವು ಅರ್ಧಕ್ಕರ್ಧ ಇಳಿಯಿತು. ಮೆಟ್ಟಿಲು ಹತ್ತುವಂತಾದರು, ಚಕ್ಕಳಮಕ್ಕಳ ಹಾಕಿ ಕೂರಲು ಮಾತ್ರ ಆಗಲಿಲ್ಲ. ಸವೆದ ಗಂಟನ್ನು ಸೂಜಿ ಹೊಸದು ಮಾಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಮೋನಪ್ಪನನ್ನು ಕಳಿಸುವುದು ನಿಂತಿತು, ಅವನ ನಿದ್ದೆ ಮತ್ತೆ ಹಾರಿಹೋಯಿತು. ಒಂದು ದಿನ ಅವನು ಧೈರ್ಯ ಮಾಡಿ, "ಧನಿ, ನನಗೂ ಕಾಯಿಲೆ ಉಂಟು. ನಿದ್ದೆ ಬರುವುದಿಲ್ಲ," ಅಂದ.

"ಅದೂ ಒಂದು ಕಾಯಿಲೆಯಾ?" ಶೆಟ್ಟರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

ಆಮೇಲೆ ಮೋನಪ್ಪ ತನ್ನ ರಜೆಯ ದಿನ ತಾನೇ ಹೋಗಿಬರುತ್ತಿದ್ದ. ಸೂಜಿಯ ಬಗ್ಗೆ ವಿಚಾರಿಸುವ ಗಿರಾಕಿಗಳು ಅವನ ಮೇಜನ್ನೇ ಹುಡುಕಿ ಕೂರತೊಡಗಿದರು. "ತಿಂದು ಹೋಗಿ, ಸೂಜಿ ಕುದಿಸಿದ್ದಾರಾ ಅಂತ ನೋಡಿ, ತಲೆ ತಿರುಗಿದರೆ ಕೂಡಲೇ ಹೇಳಿ," ಎಂದು ಅವನು ಮೇಜು ಒರೆಸುತ್ತ ಹೇಳುವಾಗ ಗಲ್ಲಾದಿಂದ ಶೆಟ್ಟರ ದನಿ ಬರುತ್ತಿತ್ತು:

"ಹೆದರುವಂಥದ್ದು ಏನೂ ಇಲ್ಲ ಸಾರ್! ನಮ್ಮ ಹುಡುಗರನ್ನು ಕಳಿಸುವ ಮೊದಲು ನಾನೇ ಚುಚ್ಚಿಸಿಕೊಂಡು ನೋಡಿದ್ದೇನೆ."

ಮೋನಪ್ಪ ಅಡುಗೆಮನೆಯ ಕಡೆ ತಿರುಗಿ ದೋಸೆಗೆ ಕೂಗುತ್ತಿದ್ದ.